ಸ್ಟ್ರೀಟ್ ಫೈಟರ್ ಜಗಳವನ್ನು ಪಕ್ಕದಿಂದಲೇ ತೆಗೆದೆವು: ನನ್ನ ಅನುಭವ

"ಪಕ್ಕದಿಂದ ಕ್ಯಾಮೆರಾ ಇಟ್ರೆ ಕಂಪನಿ ನಾಟಕ ನೋಡಿದ ಹಾಗಿರುತ್ತೆ. ಫೈಟ್ ಸತ್ತೇ ಹೋಗುತ್ತೆ." ಈ ಮಾತನ್ನು ನನಗೆ ಕಡಿಮೆ ಅಂದರೂ ಆರು ಜನ ಹೇಳಿದ್ದರು. ಅವರಲ್ಲಿ ಇಬ್ಬರು ಫೈಟ್ ಮಾಸ್ಟರ್‌ಗಳ ಕೈಕೆಳಗೆ ವರ್ಷಗಟ್ಟಲೆ ದುಡಿದವರು. ಈಗ ನಮ್ಮ 11 ನಿಮಿಷದ ಚಿತ್ರ ಮುಗಿದಿದೆ. ಅದರಲ್ಲಿ ಏಳು ನಿಮಿಷ, ಸ್ಟ್ರೀಟ್ ಫೈಟರ್ ವಿಡಿಯೋ ಗೇಮ್‌ನ ಕರಾಟೆಗಾರ ರಿಯು ಮತ್ತು ದೈತ್ಯ ಕುಸ್ತಿಪಟು ಝಾಂಗೀಫ್ ಜಗಳ. ಆ ಏಳರಲ್ಲಿ ಐದು ನಿಮಿಷಕ್ಕಿಂತ ಜಾಸ್ತಿ ಪಕ್ಕದಿಂದಲೇ ತೆಗೆದದ್ದು. ಆರು ಜನರಲ್ಲಿ ನಾಲ್ವರು ನೋಡಿ ಒಪ್ಪಿದ್ದಾರೆ. ಉಳಿದ ಇಬ್ಬರು ಇನ್ನೂ ನೋಡಿಲ್ಲ.

ಇದು ಅಭಿಮಾನಿ ಚಿತ್ರ. ಪಾತ್ರಗಳು ಗೇಮ್ ಮಾಡಿದ ಕಂಪನಿ ಕ್ಯಾಪ್ಕಾಮ್‌ನವು, ನಮ್ಮವಲ್ಲ. ಹಾಗಾಗಿ ಇದರಿಂದ ಒಂದು ರೂಪಾಯಿಯೂ ದುಡಿಯುವ ಹಾಗಿಲ್ಲ, ಖರ್ಚು ಮಾತ್ರ. ಅದು ಗೊತ್ತಿದ್ದೇ ಕೈ ಹಾಕಿದೆ.

1994ರ ಸ್ಟ್ರೀಟ್ ಫೈಟರ್ ಚಿತ್ರ ನೀವೆಲ್ಲ ನೋಡಿರುತ್ತೀರಿ. ವ್ಯಾನ್ ಡ್ಯಾಮ್ ಸೈನಿಕ ಗೈಲ್ ಆಗಿದ್ದರು. ರೌಲ್ ಜೂಲಿಯಾ ಖಳನಾಯಕ ಬೈಸನ್ ಆಗಿದ್ದರು, ಅವರ ಅಭಿನಯ ನನಗೆ ಈಗಲೂ ಇಷ್ಟ. ನಮ್ಮ ರೋಶನ್ ಸೇಠ್ ಧಾಲ್ಸಿಮ್ ಆಗಿದ್ದರು, ಆದರೆ ಗೇಮ್‌ನ ಹಾಗೆ ಯೋಗಿಯಾಗಿ ಅಲ್ಲ, ವಿಜ್ಞಾನಿಯಾಗಿ. ಆ ಚಿತ್ರದಲ್ಲಿ ದೋಣಿ, ಬಂದೂಕು, ಸೈನ್ಯ ಎಲ್ಲ ಇದೆ. ಇಬ್ಬರು ಎದುರುಬದುರು ನಿಂತು ದೂರ ಅಳೆಯುವುದು ಮಾತ್ರ ಇಲ್ಲ. ಮರುವರ್ಷ ಇನ್ನೊಂದು ಫೈಟಿಂಗ್ ಗೇಮ್ ಮೇಲೆ ಬಂದ ಮಾರ್ಟಲ್ ಕಾಂಬ್ಯಾಟ್ ಚಿತ್ರದಲ್ಲಿ ಒಂದು ಪಂದ್ಯ ಇತ್ತು, ಜೋಡಿ ಜೋಡಿಯಾಗಿ ಜಗಳ ಇತ್ತು, ಜನಕ್ಕೆ ಅದೇ ಹಿಡಿಸಿತು. ಆಮೇಲೆ 2014ರಲ್ಲಿ ಜೋಯಿ ಆನ್ಸಾ ಮತ್ತು ಕ್ರಿಶ್ಚಿಯನ್ ಹಾವರ್ಡ್ ಸೇರಿ ಮಾಡಿದ ಸ್ಟ್ರೀಟ್ ಫೈಟರ್ ವೆಬ್ ಸರಣಿ ಅಸಾಸಿನ್ಸ್ ಫಿಸ್ಟ್ ನೋಡಿದ ಮೇಲೆ ನನಗೆ ಧೈರ್ಯ ಬಂತು. ಅವರೂ ಮೊದಲು, 2010ರಲ್ಲಿ, ಬರೀ ಮೂರು ನಿಮಿಷದ ತುಣುಕಿನಿಂದ ಶುರು ಮಾಡಿದವರು.

ನಮ್ಮ ಮೊದಲ ಪ್ರಯತ್ನ ಪೂರ್ತಿ ನೆಲ ಕಚ್ಚಿತು. ಬೆಂಗಳೂರಿನ ಹೊರಗೆ ಒಂದು ಗೋಡೌನ್, ಎರಡು ರಾತ್ರಿ, ಸುಮಾರು 1.4 ಲಕ್ಷ. ಕ್ಯಾಮೆರಾ ಹೆಗಲ ಮೇಲೆ. ಎಲ್ಲ ಹತ್ತಿರದ ಶಾಟ್, ಸೆಕೆಂಡಿಗೊಂದು ಕಟ್. ಎರಡು ತಿಂಗಳು ಕರಾಟೆ ಕಲಿಸಿದ ಒಬ್ಬ ನಟ ರಿಯು ಆಗಿದ್ದ. ಎಡಿಟ್ ಮುಗಿಸಿ ಗೇಮ್ ಆಡುವ ಗೆಳೆಯರಿಗೆ ತೋರಿಸಿದೆ. ನೋಡಿದವನೊಬ್ಬ ಕೇಳಿದ: "ಚೆನ್ನಾಗಿದೆ. ಯಾವ ಗೇಮ್ ಇದು?" ರಿಯುವಿನ ಗುರುತಾದ ಬಿಳಿ ಗೀ (ಕರಾಟೆ ಉಡುಪು), ಕೆಂಪು ತಲೆಪಟ್ಟಿ ಎದುರಿಗಿದ್ದೂ ಆ ಪ್ರಶ್ನೆ ಬಂತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಮಾರನೇ ದಿನ ಹಳೆ ಸ್ಟ್ರೀಟ್ ಫೈಟರ್ 2 ಹಾಕಿಕೊಂಡು ಕೂತೆ. ಗೇಮ್ ಪಾರ್ಲರ್‌ನಲ್ಲಿ ಟೋಕನ್ ಕೊಟ್ಟು ಆಡಿದ ಕಾಲದಿಂದ ಕೈಗೆ ಗೊತ್ತಿದ್ದ ಗೇಮ್, ಆದರೆ ಕಣ್ಣಿಟ್ಟು ನೋಡಿದ್ದು ಆವತ್ತೇ. ಅಲ್ಲಿ ಇರುವುದು ಎರಡು ಮೈ, ಒಂದು ನೆಲ, ನಡುವೆ ಒಂದಿಷ್ಟು ಜಾಗ. ಆ ಜಾಗವೇ ಕಥೆ. ರಿಯುಗೆ ದೂರ ಬೇಕು, ಝಾಂಗೀಫ್‌ಗೆ ಹತ್ತಿರ ಬೇಕು. ದೂರ ಇದ್ದಷ್ಟು ಹೊತ್ತು ರಿಯು ರಾಜ. ಕೈಗೆ ಸಿಕ್ಕರೆ ಮುಗಿಯಿತು. ಹತ್ತಿರದ ಶಾಟ್ ಇಟ್ಟ ಕೂಡಲೇ ಆ ಜಾಗ ಮಾಯ, ಕಥೆಯೂ ಮಾಯ.

ಹಾಗಾಗಿ ಎರಡನೇ ಸಲ ನಾನು ಏಟುಗಳನ್ನು ಬರೆಯಲಿಲ್ಲ, ಅಡಿಗಳನ್ನು ಬರೆದೆ. ನೆಲದ ಮೇಲೆ ಒಂದು ದಾರ ಎಳೆದು ಅಡಿಗೊಂದು ಗಂಟು ಹಾಕಿದೆವು. ಹನ್ನೆರಡು ಅಡಿ ಹಡೋಕೆನ್ ಜಾಗ, ಅಂದರೆ ರಿಯು ಅಂಗೈಗಳಿಂದ ಎಸೆಯುವ ಬೆಳಕಿನ ಉಂಡೆಯದು. ನಾಲ್ಕು ಅಡಿ ರಿಯುವಿನ ಕೆಳಗಿನ ಒದೆತದ ಜಾಗ. ಎರಡು ಅಡಿ ಝಾಂಗೀಫ್‌ದು. "12, 12, 9, 12, 7, 4, 9, 2." ಮೊದಲ ಒಂದೂವರೆ ನಿಮಿಷದ ಸ್ಕ್ರಿಪ್ಟ್ ಇಷ್ಟೇ ಇತ್ತು. ಇಬ್ಬರೂ ಇದನ್ನು ಬಾಯಿಪಾಠ ಮಾಡಿದರು. ಏಟು ಆಮೇಲೆ ತುಂಬಿದೆವು. ರಿಯು ಪಾತ್ರಕ್ಕೆ ಈ ಸಲ ನಟ ಬೇಡ ಅಂದೆ. ಹದಿನೈದು ವರ್ಷ ಕರಾಟೆ ಮಾಡಿದ ಹುಡುಗನನ್ನು ತಂದು ಸುಮ್ಮನೆ ನಿಲ್ಲುವುದನ್ನು ಕಲಿಸಿದೆ. ಅದು ಎರಡೇ ವಾರದ ಕೆಲಸ.

ಈಗ ನಿಮ್ಮ ತಲೆಯಲ್ಲಿ ಓಡುತ್ತಿರುವ ಪ್ರಶ್ನೆ ನನಗೆ ಗೊತ್ತು. ಪಕ್ಕದಿಂದ ತೆಗೆದರೆ ಏಟು ತಾಗದೇ ಇರುವುದು ಕಾಣುವುದಿಲ್ವಾ? ಕಾಣುತ್ತದೆ. ಭುಜದ ಹಿಂದಿನಿಂದ ತೆಗೆದರೆ ಮುಚ್ಚಿಹೋಗುವ ಅರ್ಧ ಅಡಿ ಸಂದು, ಪಕ್ಕದಿಂದ ಹಗಲಿನಷ್ಟು ನಿಚ್ಚಳ. ಅದಕ್ಕೆ ಮೈಮೇಲಿನ ಏಟುಗಳನ್ನು ನಿಜವಾಗಿ ತಾಗಿಸಿದೆವು. ರಿಯುವಿನ ಗೀ ಒಳಗೆ ತೆಳು ಪ್ಯಾಡ್. ಝಾಂಗೀಫ್ ಬರೀ ಮೈ, ಅಲ್ಲಿ ಪ್ಯಾಡ್ ಎಲ್ಲಿ ಇಡುವುದು? ಆದರೆ ಆ ಪಾತ್ರ ಮಾಡಿದವರು ಗರಡಿಯಲ್ಲಿ ಬೆಳೆದ ಪೈಲ್ವಾನರು. ಎದೆ ಬಿಗಿದು "ಹೊಡಿ" ಅಂದರು. ಅರ್ಧ ಬಲದ ಏಟು, ಒಂದು ಶಾಟ್‌ಗೆ ಹೆಚ್ಚೆಂದರೆ ನಾಲ್ಕು ಟೇಕ್. ಮುಖದ ಏಟು ಇಡೀ ಚಿತ್ರದಲ್ಲಿ ಮೂರೇ ಇವೆ. ಅವೂ ಪಕ್ಕದಿಂದಲೇ. ಹೇಗೆ ಅಂತ ಈಗ ಹೇಳುವುದಿಲ್ಲ. ಉದ್ದದ ಲೆನ್ಸ್‌ಗೂ ಹಿಂದೆ ನಿಂತ ಕಂಬಕ್ಕೂ ಸಂಬಂಧ ಇದೆ, ಅಷ್ಟು ಸಾಕು.

ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಏಟಿನ ತಡೆಗೆ. ಗೇಮ್‌ನಲ್ಲಿ ಜೋರಾದ ಏಟು ಬಿದ್ದ ಕ್ಷಣ ಇಬ್ಬರೂ ಒಂದು ಚೂರು ನಿಂತು ಬಿಡುತ್ತಾರೆ. ಗೇಮ್ ಓಡುವುದು ಸೆಕೆಂಡಿಗೆ 60 ಫ್ರೇಮ್. ಅದರಲ್ಲಿ ಹತ್ತು ಹನ್ನೆರಡು ಫ್ರೇಮ್ ತಡೆ ಅಂದರೆ ಸೆಕೆಂಡಿಗೆ 24 ಫ್ರೇಮ್ ಓಡುವ ನಮ್ಮ ಚಿತ್ರದ ಲೆಕ್ಕದಲ್ಲಿ ನಾಲ್ಕೈದು. ತೂಕ ಬರುವುದೇ ಅಲ್ಲಿಂದ. ಎಡಿಟ್‌ನಲ್ಲಿ ನಾಲ್ಕು ಫ್ರೇಮ್ ಫ್ರೀಜ್ ಮಾಡಿದೆ. ನೋಡಿದವರು "ನೆಟ್ ಸ್ಲೋ ಇದೆಯಾ?" ಅಂದರು. ಎರಡು ಫ್ರೇಮ್ ಮಾಡಿದೆ, ಗೊತ್ತೇ ಆಗಲಿಲ್ಲ. ಇಡೀ ಜಗಳವನ್ನೇ 60ರಲ್ಲಿ ತೋರಿಸಿ ನೋಡಿದೆ, ಮಧ್ಯಾಹ್ನದ ಸೀರಿಯಲ್ ಥರ ಆಯಿತು. ಮೂರು ವಾರ ಹೀಗೇ ಹೋಯಿತು.

ಕೊನೆಗೆ ಹೊಳೆದದ್ದು ಇದು: ಚಿತ್ರ ನಿಲ್ಲಬಾರದು, ಮನುಷ್ಯ ನಿಲ್ಲಬೇಕು. ಏಟು ತಾಗಿದ ಜಾಗದಲ್ಲೇ ರಿಯು ಮುಷ್ಟಿಯನ್ನು ಬಿಗಿ ಹಿಡಿದು ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ನಿಲ್ಲುತ್ತಾನೆ. ಝಾಂಗೀಫ್ ಮೈ ಮಾತ್ರ ನಡುಗುತ್ತದೆ. ಕ್ಯಾಮೆರಾ ಓಡುತ್ತಲೇ ಇರುತ್ತದೆ, ಧೂಳು ಹಾರುತ್ತಲೇ ಇರುತ್ತದೆ. ಆಮೇಲೆ ಆ ನಿಂತ ಜಾಗವನ್ನು ಎಡಿಟ್‌ನಲ್ಲಿ ಐದು ಫ್ರೇಮ್‌ಗೆ ಇಳಿಸಿ, ಅದರ ಹಿಂದು ಮುಂದಿನ ಓಟವನ್ನು ನೂರಕ್ಕೆ ಎಂಟರಷ್ಟು ಜೋರು ಮಾಡಿದೆ. ಹಾಂಗ್‌ಕಾಂಗ್ ಫೈಟ್ ಚಿತ್ರದವರು 22 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸುತ್ತಿದ್ದ ಹಾಗೆಯೇ ಇದು. ಮೊದಲ ಸಲ ಅದನ್ನು ಓಡಿಸಿ ನೋಡಿದಾಗ ಎದ್ದು ನಿಂತುಬಿಟ್ಟೆ.

ಧೂಳಿನ ವಿಷಯ ಬಂತಲ್ಲ, ಅದನ್ನೂ ಹೇಳುತ್ತೇನೆ. ಟಾಲ್ಕಂ ಪೌಡರ್ ಬಳಸಿದರೆ ಲೈಟ್‌ಗೆ ಹೊಗೆ ಥರ ಬಿಳುಪಾಗಿ ತೇಲುತ್ತದೆ. ಮೈದಾ ಬೆವರಿಗೆ ಅಂಟಿ ಪೇಸ್ಟ್ ಆಗುತ್ತದೆ. ರಾಗಿ ಹಿಟ್ಟು ಪರ್ಫೆಕ್ಟ್. ಬಣ್ಣ ಮಣ್ಣಿನದೇ, ಬೇಗ ಕೆಳಗೆ ಕೂರುತ್ತದೆ, ಕಣ್ಣಿಗೆ ಹೋದರೂ ಅಷ್ಟು ಉರಿಯುವುದಿಲ್ಲ. ಎರಡು ಸಲ ಜರಡಿ ಹಿಡಿಯಿರಿ. ಊಟದ ಬ್ರೇಕ್‌ನಲ್ಲಿ ಗೀ ನೆಲದ ಮೇಲೆ ಬಿಡಬೇಡಿ, ಇರುವೆ ಮುತ್ತುತ್ತವೆ.

ಹಡೋಕೆನ್‌ಗೆ ಮೊದಲು ಒಂದು ವಿಎಫ್ಎಕ್ಸ್ ಅಂಗಡಿಗೆ 40 ಸಾವಿರ ಕೊಟ್ಟೆ. ಬಂದದ್ದು ನೀಲಿ ಟ್ಯೂಬ್‌ಲೈಟ್. ಬೆಳಕು ಉಂಡೆಯಲ್ಲಿತ್ತು, ಮುಖದ ಮೇಲೆ ಇರಲಿಲ್ಲ. ತಿದ್ದಿ ಕೊಡಿ ಅಂದರೆ ಇನ್ನೂ 15 ಸಾವಿರ ಕೇಳಿದರು. ಬಿಟ್ಟು ಬಂದೆ. ಆಮೇಲೆ ಎಸ್‌ಪಿ ರೋಡ್‌ಗೆ ಹೋಗಿ ಎಲ್‌ಇಡಿ ಪಟ್ಟಿ, ಬ್ಯಾಟರಿ ತಂದು ಕಿತ್ತಳೆ ಗಾತ್ರದ ಒಂದು ಉಂಡೆ ಕಟ್ಟಿದೆವು. ಒಟ್ಟು ಎರಡೂವರೆ ಸಾವಿರ ಆಗಿರಬಹುದು. ರಿಯು ಅದನ್ನು ಎರಡು ಅಂಗೈ ನಡುವೆ ಹಿಡಿದ. ಸಂಜೆಗತ್ತಲಲ್ಲಿ ತೆಗೆದದ್ದರಿಂದ ಅವನ ಗಲ್ಲ, ಗೀ, ನೆಲ ಎಲ್ಲದರ ಮೇಲೂ ನಿಜವಾದ ಬೆಳಕು ಬಿತ್ತು. ಹಾರುವಾಗ ಅದೇ ಉಂಡೆಯನ್ನು ಮೀನಿನ ದಾರದ ಮೇಲೆ ಓಡಿಸಿದೆವು. ಮೇಲೆ ಕಂಪ್ಯೂಟರ್ ಕೆಲಸ ತೆಳುವಾಗಿ, ಮನೆಯಲ್ಲೇ. ಬ್ಯಾಟರಿ ಕಾಯುತ್ತದೆ, ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಕೈಯಲ್ಲಿ ಹಿಡಿಸಬೇಡಿ. ಇಡೀ ಚಿತ್ರದಲ್ಲಿ ಹಡೋಕೆನ್ ನಾಲ್ಕೇ ಸಲ. ಒಂದನ್ನು ಝಾಂಗೀಫ್ ಕೈ ಚಾಚಿ ಗಿರಕಿ ಹೊಡೆಯುತ್ತಾ ದಾಟುತ್ತಾನೆ, ಗೇಮ್‌ನಲ್ಲಿ ದಾಟುವ ಹಾಗೇ.

ಆಡಿದವರಿಗೆಲ್ಲ ಗೊತ್ತಿರುವ ಒಂದು ಕಾಂಬೊ, ಅಂದರೆ ಬಿಡುವಿಲ್ಲದೆ ಒಂದರ ಹಿಂದೊಂದು ಬೀಳುವ ಏಟು, ಇದೆ: ಕೂತು ಒದೆತ, ಕಾಲು ವಾಪಸ್ ಬರುವ ಮುಂಚೆಯೇ ಹಡೋಕೆನ್ (ಎಡಗೈಯಲ್ಲಿ ಜಾಯ್‌ಸ್ಟಿಕ್ ಕೆಳಗೆ, ಓರೆ, ಮುಂದೆ). ಕಾಂಬೊ ಅನ್ನುವುದೇ ಸ್ಟ್ರೀಟ್ ಫೈಟರ್ 2 ಮಾಡುವಾಗ ಬೇಕಂತಲೇ ಇಟ್ಟದ್ದಲ್ಲ. ತಪ್ಪಾಗಿ ನುಸುಳಿದ್ದನ್ನು ಅವರು ಹಾಗೇ ಉಳಿಸಿಕೊಂಡರು. ಮನುಷ್ಯನ ಮೈಗೆ ಇದನ್ನು ಮಾಡಲು ಆಗುವುದಿಲ್ಲ. ಕಾಲು ಚಾಚಿದವನ ಸೊಂಟ ಹಿಂದೆ ಇರುತ್ತದೆ, ಹಡೋಕೆನ್‌ಗೆ ಮುಂದೆ ಬೇಕು. ನಾವು ಒದೆತಕ್ಕೆ ಎದ್ದ ರಾಗಿ ಧೂಳಿನ ಒಳಗೆ ಒಂದು ಕಟ್ ಬಚ್ಚಿಟ್ಟೆವು. ಒಂದೇ ಟೇಕ್ ಅಂತ ಎಲ್ಲರೂ ನಂಬಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ನಮ್ಮ ಝಾಂಗೀಫ್ ಪಾತ್ರಧಾರಿ ಮೈಸೂರಿನವರು. ನಾನು ಅವರ ಗರಡಿ ಮನೆಗೆ ನಾಲ್ಕು ಭಾನುವಾರ ಹೋಗಿ ಬಂದ ಮೇಲೆ ಒಪ್ಪಿದರು. ಗೇಮ್‌ನ ಝಾಂಗೀಫ್ ಥರ ತಲೆ ಬೋಳಿಸಿ ನಡುವೆ ಜುಟ್ಟು ಬಿಡುವುದಿಲ್ಲ, ದಸರಾ ಕುಸ್ತಿ ಹತ್ತಿರ ಬಂದಿದೆ ಅಂದರು. ನಾನು ಒತ್ತಾಯ ಮಾಡಲಿಲ್ಲ. ವೇಷ ಹಾಕಿದ ತೆಳ್ಳನೆಯ ಮನುಷ್ಯನಿಗಿಂತ ವೇಷವಿಲ್ಲದ 110 ಕಿಲೋ ಮೇಲು. ಅವರು ಕೆಡವುವ ಕ್ಷಣದಲ್ಲಿ ಜುಟ್ಟು ಯಾರು ನೋಡುತ್ತಾರೆ?

ಅವರ ದೊಡ್ಡ ಪಟ್ಟು, ಎತ್ತಿ ತಿರುಗಿಸಿ ತಲೆಕೆಳಗಾಗಿ ಕೆಡವುವುದು, ಮೇಲಿಂದ ತೂಗಿ ಹಿಡಿಯುವ ವೈರ್ ಇಲ್ಲದೆ ಆಗಲ್ಲ ಅಂದಿದ್ದರು. ವೈರ್ ಟೀಮ್ ದಿನಕ್ಕೆ 60 ಸಾವಿರದ ಮೇಲೆ ಕೇಳಿತು. ನಾವು ಒಂದು ಕಬ್ಬಿಣದ ತಿರುಗುವ ಹಲಗೆ ಮಾಡಿಸಿದೆವು, ನಾಲ್ಕಡಿ ಅಗಲ, 9 ಸಾವಿರ. ಪೈಲ್ವಾನರು ಹಲಗೆ ಮೇಲೆ ನಿಂತು ಹುಡುಗನನ್ನು ಎತ್ತಿದರು, ಕೆಳಗೆ ಮೂವರು ತಿರುಗಿಸಿದರು, ಕ್ಯಾಮೆರಾ ಸೊಂಟದ ಮೇಲೆ ಮಾತ್ರ ನೋಡಿತು. ಬೀಳುವ ಶಾಟ್ ಗರಡಿಯ ಮಟ್ಟಿಯಲ್ಲೇ, ಅಂದರೆ ಕುಸ್ತಿಯ ಅಖಾಡದಲ್ಲೇ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು ಅದು, ಬಾಡಿಗೆಗೆ ಸಿಗುವ ಮ್ಯಾಟ್‌ಗಿಂತ ಮೆತ್ತಗೆ. ಚಪ್ಪಲಿ ಹೊರಗೆ ಬಿಟ್ಟು, ಹನುಮಂತನಿಗೆ ಕೈ ಮುಗಿದು, ಅಭ್ಯಾಸ ಇಲ್ಲದ ಹೊತ್ತಿನಲ್ಲಿ ತೆಗೆದೆವು. ಹುಡುಗನ ತಲೆ ಪೈಲ್ವಾನರ ತೊಡೆಗಳ ನಡುವೆ, ನೆಲದಿಂದ ಒಂದು ಗೇಣು ಮೇಲೆ. ಪೂರ್ತಿ ಭಾರ ಪೈಲ್ವಾನರ ಸೊಂಟಕ್ಕೆ. ಎರಡೇ ಟೇಕ್. ಇದನ್ನು ಗರಡಿ ಅನುಭವ ಇಲ್ಲದವರ ಜೊತೆ ದಯವಿಟ್ಟು ಮಾಡಬೇಡಿ. ಕತ್ತಿನ ವಿಷಯ.

ಬಟ್ಟೆಗೆ ಒಂದೇ ಮಾತು. ಹೊಸ ಗೀಯನ್ನು ಚಹಾ ಡಿಕಾಕ್ಷನ್‌ನಲ್ಲಿ ಎರಡು ರಾತ್ರಿ ನೆನೆಸಿ ಕಲ್ಲಿಗೆ ಒಗೆಯಿರಿ. ಕೆಂಪು ತಲೆಪಟ್ಟಿಯನ್ನು ಮೊದಲು ಉಪ್ಪು ನೀರಿನಲ್ಲಿ ಹಾಕಿ ಬಣ್ಣ ಬಿಡುತ್ತಾ ನೋಡಿ. ನಮ್ಮದು ಬೆವರಿಗೆ ಬಿಟ್ಟು ಗೀ ಎದೆಯೆಲ್ಲ ಗುಲಾಬಿ ಆಯಿತು, ಅರ್ಧ ದಿನ ಹೋಯಿತು. ಏಟಿನ ಸದ್ದಿಗೆ ಒದ್ದೆ ಜೀನ್ಸ್ ಮತ್ತು ಕಬ್ಬು ಮುರಿಯುವ ಶಬ್ದ. ಮೂರನೆಯದೊಂದಿದೆ, ಅದು ನನ್ನ ಬಳಿಯೇ ಇರಲಿ.

ದುಡ್ಡು. ಎರಡನೇ ಪ್ರಯತ್ನಕ್ಕೆ ಸುಮಾರು 3.3 ಲಕ್ಷ. ಸ್ಟಂಟ್ ಹುಡುಗರು ಮತ್ತು ಪೈಲ್ವಾನರಿಗೆ 1.2, ಕ್ಯಾಮೆರಾ ಲೆನ್ಸ್ ಬಾಡಿಗೆ 70 ಸಾವಿರದ ಹತ್ತಿರ, ಊಟ ಓಡಾಟ 50, ಇನ್ಶೂರೆನ್ಸ್ ಡಾಕ್ಟರ್ 20, ಉಳಿದದ್ದು ಚಿಲ್ಲರೆ. ಬಾಡಿಗೆ ಅಂಗಡಿಯವರು ಲೆನ್ಸ್ ಮೇಲೆ ಗೀರು ಅಂತ 12 ಸಾವಿರ ಡೆಪಾಸಿಟ್ ಹಿಡಿದುಕೊಂಡರು. ಆ ಗೀರು ಮೊದಲೇ ಇತ್ತು. ತಗೊಳ್ಳುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲ ಪ್ರಯತ್ನ ಸೇರಿಸಿದರೆ ಒಟ್ಟು 4.7 ಲಕ್ಷ, ಅದರಲ್ಲಿ ಎರಡು ಲಕ್ಷ ನನ್ನ ಬೈಕ್ ಮತ್ತು ಪಿಎಫ್‌ನಿಂದ ಬಂದದ್ದು.

ಮೊದಲ ಸಲ ತೋರಿಸಿದ್ದು ಗೆಳೆಯನ ಮನೆ ಟೆರೇಸ್‌ನಲ್ಲಿ, ಬಿಳಿ ಪಂಚೆ ಕಟ್ಟಿ. ಹಳೆ ಪಾರ್ಲರ್ ಗೆಳೆಯರು ಹದಿನಾಲ್ಕು ಜನ ಬಂದಿದ್ದರು. ನಾನು ತೆರೆ ನೋಡಲಿಲ್ಲ, ಅವರನ್ನು ನೋಡುತ್ತಾ ಗೋಡೆಗೆ ಒರಗಿ ನಿಂತಿದ್ದೆ. ದೂರ ಒಂಬತ್ತರಿಂದ ನಾಲ್ಕಕ್ಕೆ ಬಂತು. ರಿಯು ಕೂತ. ಮುಂದಿನ ಸಾಲಿನಲ್ಲಿದ್ದವನ ಎಡಗೈ ತೊಡೆಯ ಮೇಲೆ ತಾನಾಗಿಯೇ ಆಡಿತು: ಕೆಳಗೆ, ಓರೆ, ಮುಂದೆ. "ಯಾವ ಗೇಮ್ ಇದು" ಅಂತ ಕೇಳಿದ್ದವನೇ ಅವನು.