ಇಂಗ್ಲಿಷ್ ವಾಕ್ಯ ತಿದ್ದುವಾಗ ಮೊದಲು ಏನನ್ನು ಹುಡುಕಬೇಕು?

ವಾಕ್ಯ ತಿದ್ದುವ ಪ್ರಶ್ನೆ ಬಂದ ಕೂಡಲೇ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆಯ್ಕೆಗಳನ್ನೆಲ್ಲ ಮನಸ್ಸಿನಲ್ಲೇ ಓದಿಕೊಂಡು, ಕಿವಿಗೆ ಹಿತವಾದದ್ದಕ್ಕೆ ಗುರುತು ಹಾಕುತ್ತಾರೆ. ಈ ಪದ್ಧತಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನಮ್ಮ ಕಿವಿ ಪಳಗಿರುವುದು ಕನ್ನಡದಲ್ಲಿ. ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿ, ಮೂಲ ವಾಕ್ಯದಲ್ಲಿ ಕಾಲ ಸೂಚಿಸುವ ಪದಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಆಮೇಲೆ ಕೆಲಸ ಮಾಡಿದವರು ಯಾರೆಂದು ಹುಡುಕಿ. ಆಯ್ಕೆಗಳನ್ನು ನೋಡುವುದು ಅದಾದ ನಂತರ.

'ನಿನ್ನೆಯೇ ಹೇಳಿದ್ದೇನೆ' ಎಂಬುದು ಒಳ್ಳೆಯ ಕನ್ನಡ. ಅದನ್ನೇ 'ಐ ಹ್ಯಾವ್ ಟೋಲ್ಡ್ ಹಿಮ್ ಯೆಸ್ಟರ್ಡೇ' ಎಂದರೆ ಇಂಗ್ಲಿಷ್ ಒಪ್ಪುವುದಿಲ್ಲ. 'ಯೆಸ್ಟರ್ಡೇ', 'ಲಾಸ್ಟ್ ಇಯರ್', 'ಟೂ ಡೇಸ್ ಅಗೋ' ಇವೆಲ್ಲ ಮುಗಿದುಹೋದ ಕಾಲವನ್ನು ಹೇಳುತ್ತವೆ. ಇವು ಕಂಡರೆ 'ಹ್ಯಾವ್' ಇರುವ ಆಯ್ಕೆಯನ್ನು ಹೊಡೆದುಹಾಕಿ. 'ಐ ಟೋಲ್ಡ್ ಹಿಮ್ ಯೆಸ್ಟರ್ಡೇ' ಎಂದರೆ ಸಾಕು. ಅಂದು ಶುರುವಾಗಿ ಇಂದಿಗೂ ನಡೆಯುತ್ತಿರುವ ಕೆಲಸಕ್ಕೆ ಮಾತ್ರ ತದ್ವಿರುದ್ಧ. 'ಶಿ ಈಸ್ ವರ್ಕಿಂಗ್ ಹಿಯರ್ ಸಿನ್ಸ್ 2015' ತಪ್ಪು, 'ಶಿ ಹ್ಯಾಸ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2015' ಸರಿ. ಶುರುವಾದ ಗಳಿಗೆಗೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'.

'ಹ್ಯಾಡ್' ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾನು ತಿದ್ದುವ ಉತ್ತರಗಳಲ್ಲಿ ಅತಿಯಾಗಿ ಬಳಕೆಯಾಗುವ ಪದವೇ ಇದು. 'ನಿನ್ನೆ ಅವರ ಮನೆಗೆ ಹೋಗಿದ್ದೆ' ಎಂದು ನಾವು ಸಹಜವಾಗಿ ಹೇಳುತ್ತೇವೆ, ಹಾಗಾಗಿ 'ಐ ಹ್ಯಾಡ್ ಗಾನ್' ಎಂದು ಬರೆದುಬಿಡುತ್ತೇವೆ. ಇಂಗ್ಲಿಷಿನ 'ಹ್ಯಾಡ್'ಗೆ ಜೊತೆಯಲ್ಲಿ ಇನ್ನೊಂದು ಹಳೆಯ ಘಟನೆ ಬೇಕು. ಎರಡರಲ್ಲಿ ಮೊದಲು ನಡೆದದ್ದಕ್ಕೆ ಅದು ಸೇರುತ್ತದೆ. 'ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್' ಎಂದರೆ ನಾವು ತಲುಪುವ ಮುಂಚೆಯೇ ರೈಲು ಹೊರಟುಹೋಗಿತ್ತು. 'ಹ್ಯಾಡ್' ತೆಗೆದರೆ ನಾವು ತಲುಪಿದಾಗ ಹೊರಟಿತು ಎಂದಾಗುತ್ತದೆ. ವ್ಯಾಕರಣದಲ್ಲಿ ಎರಡೂ ಸರಿ, ಅರ್ಥ ಬೇರೆ. ಆದರೆ 'ಬಿಫೋರ್' ಅಥವಾ 'ಆಫ್ಟರ್' ಇದ್ದು ಕ್ರಮ ಸ್ಪಷ್ಟವಾಗಿದ್ದರೆ, 'ಹ್ಯಾಡ್' ಇಲ್ಲ ಎಂಬ ಒಂದೇ ಕಾರಣಕ್ಕೆ ಆಯ್ಕೆಯನ್ನು ಬಿಡಬೇಡಿ.

ಇನ್ನೆರಡನ್ನು ಬಾಯಿಪಾಠ ಮಾಡಿಕೊಳ್ಳಿ: 'ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್' ಮತ್ತು 'ವೆನ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್'. ಇಂಥ ವಾಕ್ಯಗಳಲ್ಲಿ 'ಇಫ್' ಭಾಗಕ್ಕೆ 'ವುಡ್', 'ವೆನ್' ಭಾಗಕ್ಕೆ 'ವಿಲ್' ಬರುವುದಿಲ್ಲ.

ಈಗ ವಿಶೇಷಣಗಳು, ಅಂದರೆ ಮಾಡಿಫೈಯರ್: ಇನ್ನೊಂದು ಪದದ ಬಗ್ಗೆ ವಿವರ ಕೊಡುವ ಪದ ಅಥವಾ ತುಣುಕು. 'ಗ್ರಂಥಾಲಯಕ್ಕೆ ನಡೆದು ಹೋಗುವಾಗ ಮಳೆ ನನ್ನನ್ನು ತೋಯಿಸಿತು' ಎಂದರೆ ಯಾರಿಗೂ ಗೊಂದಲವಾಗದು. 'ವಾಕಿಂಗ್ ಟು ದ ಲೈಬ್ರರಿ, ದ ರೇನ್ ಡ್ರೆಂಚ್ಡ್ ಮಿ' ಎಂದರೆ ಇಂಗ್ಲಿಷಿನಲ್ಲಿ ನಡೆದದ್ದು ಮಳೆಯೇ! ವಾಕ್ಯ ಹೀಗೆ ಶುರುವಾದರೆ ಅಲ್ಪವಿರಾಮದ ಮೇಲೆ ಬೆರಳಿಟ್ಟು, ಮುಂದಿನ ನಾಮಪದವನ್ನು ನೋಡಿ. ಆ ಕೆಲಸ ಮಾಡಿದ್ದು ಅದೇ ಆಗಿರಬೇಕು: 'ವಾಕಿಂಗ್ ಟು ದ ಲೈಬ್ರರಿ, ಐ ವಾಸ್ ಡ್ರೆಂಚ್ಡ್ ಬೈ ದ ರೇನ್'. ಇಲ್ಲಿ ಇನ್ನೂ ಸೂಕ್ಷ್ಮವಾದ ಬಲೆಯೊಂದಿದೆ. 'ರನ್ನಿಂಗ್ ಫಾಸ್ಟ್, ರವೀಸ್ ಶೂ ಕೇಮ್ ಆಫ್'. ರವಿಯ ಹೆಸರು ಕಂಡು ಸಮಾಧಾನಪಟ್ಟುಕೊಳ್ಳಬೇಡಿ. ವಾಕ್ಯದ ಕರ್ತೃ ರವಿಯಲ್ಲ, ಅವನ ಶೂ.

'ಓನ್ಲಿ' ಚಿಕ್ಕದಾದರೂ ಜಾಗ ಬದಲಿಸಿದರೆ ಅರ್ಥ ಬದಲಿಸುತ್ತದೆ. ಕನ್ನಡದ 'ಮಾತ್ರ' ತನ್ನ ಪದದ ನಂತರ ಬರುತ್ತದೆ, 'ಓನ್ಲಿ'ಯನ್ನು ಸಾಮಾನ್ಯವಾಗಿ ಪದಕ್ಕಿಂತ ಮೊದಲು ಇಡಬೇಕು. 'ಓನ್ಲಿ ಶಿ ರೆಡ್ ದ ಲೆಟರ್' ಎಂದರೆ ಅವಳು ಮಾತ್ರ ಓದಿದಳು. 'ಶಿ ರೆಡ್ ಓನ್ಲಿ ದ ಲೆಟರ್' ಎಂದರೆ ಪತ್ರವನ್ನು ಮಾತ್ರ ಓದಿದಳು.

ಅಭ್ಯಾಸಕ್ಕೆ ನಾನು ಯಾವಾಗಲೂ ಕೊಡುವ ವಾಕ್ಯ ಇದು: 'ಶಿ ಕೆಪ್ಟ್ ದ ಬುಕ್ ಆನ್ ದ ಟೇಬಲ್ ದಟ್ ಶಿ ಹ್ಯಾಡ್ ಬಾರೋಡ್'. ಹಲವರು 'ಹ್ಯಾಡ್' ಮೇಲೆ ಅನುಮಾನಪಟ್ಟು ಅದನ್ನೇ ಅಳಿಸುತ್ತಾರೆ. ಎರವಲು ಪಡೆದದ್ದು ಮೊದಲು, ಇಟ್ಟದ್ದು ನಂತರ. ಆದ್ದರಿಂದ 'ಹ್ಯಾಡ್' ಅಲ್ಲಿಯೇ ಇರಲಿ. ತೊಡಕಿರುವುದು ಕೊನೆಯ ತುಣುಕಿನ ಜಾಗದಲ್ಲಿ, ಓದಿದರೆ ಮೇಜನ್ನೇ ಎರವಲು ತಂದಂತಿದೆ. ಆ ತುಣುಕನ್ನು ಎತ್ತಿ ಪುಸ್ತಕದ ಪಕ್ಕಕ್ಕೆ ತನ್ನಿ: 'ಶಿ ಕೆಪ್ಟ್ ದ ಬುಕ್ ದಟ್ ಶಿ ಹ್ಯಾಡ್ ಬಾರೋಡ್ ಆನ್ ದ ಟೇಬಲ್'. ಈಗ ಬಾಲದಲ್ಲಿ ಉಳಿದ 'ಆನ್ ದ ಟೇಬಲ್' 'ಬಾರೋಡ್'ಗೆ ಅಂಟಿಕೊಂಡಿತು. 'ಆನ್ ದ ಟೇಬಲ್ ಶಿ ಕೆಪ್ಟ್ ದ ಬುಕ್ ದಟ್ ಶಿ ಹ್ಯಾಡ್ ಬಾರೋಡ್' ಎಂದು ಬರೆದರೆ ಪ್ರತಿ ತುಣುಕೂ ತನ್ನ ಪದದ ಪಕ್ಕದಲ್ಲಿರುತ್ತದೆ.