ಹಕ್ಕಿಗೂಡು ಜರಿಗಿಡವನ್ನು ಕುಂಡದಲ್ಲಿ ಬೆಳೆಸುವುದು

ಹಕ್ಕಿಗೂಡು ಜರಿಗಿಡ (ಸಸ್ಯಶಾಸ್ತ್ರದ ಹೆಸರು ಆಸ್ಪ್ಲೀನಿಯಂ ನೈಡಸ್) ಮರದ ಕವಲುಗಳಲ್ಲಿ ಕೂತು ಬೆಳೆಯುತ್ತದೆ. ಆದರೆ ಮರದ ರಸ ಹೀರುವುದಿಲ್ಲ. ಬುಟ್ಟಿಯಂತೆ ಹರಡಿದ ಎಲೆಗಳ ನಡುವೆ ಬಿದ್ದ ತರಗೆಲೆ ಕೊಳೆತು ಅದಕ್ಕೆ ಆಹಾರವಾಗುತ್ತದೆ. ಹಾಗಾಗಿ ಬರಿಯ ಕೆಂಪುಮಣ್ಣಿನಲ್ಲಿ ನೆಟ್ಟರೆ ಬೇರಿಗೆ ಉಸಿರುಕಟ್ಟುತ್ತದೆ.

ತೊಗಟೆ ಚೂರು ಎರಡು ಪಾಲು, ತೊಳೆದ ತೆಂಗಿನ ನಾರಿನಪುಡಿ ಒಂದು ಪಾಲು, ಎಲೆಗೊಬ್ಬರ ಒಂದು ಪಾಲು, ಜೊತೆಗೆ ಒಂದು ಹಿಡಿ ಇದ್ದಿಲು ಚೂರು ಸೇರಿಸಿ. ಬೇರಿನ ಗುಡ್ಡೆಗಿಂತ ಎರಡು ಬೆರಳಷ್ಟು ಹೆಚ್ಚು ಅಗಲದ ಕುಂಡ ಸಾಕು. ದೊಡ್ಡ ಕುಂಡದಲ್ಲಿ ತೇವ ಆರದೆ ಬೇರು ಕೊಳೆಯುತ್ತದೆ. ಸುಳಿಯನ್ನು ಹೂಳಬೇಡಿ.

ಮೇಲ್ಪದರ ಆರತೊಡಗಿದಾಗ ಕುಂಡದ ಅಂಚಿನಲ್ಲಿ ನೀರು ಹಾಕಿ. ಕಾಡಿನ ಮಳೆ ಸುಳಿಗೇ ಬೀಳುತ್ತದಲ್ಲ ಎನ್ನಬಹುದು. ಅಲ್ಲಿ ಗಾಳಿಯಾಡುತ್ತದೆ, ಮನೆಯೊಳಗೆ ನಿಂತ ನೀರು ಸುಳಿಯನ್ನು ಕಪ್ಪಾಗಿಸಿ ಕೊಳೆಸುತ್ತದೆ. ಇರುವುದು ಒಂದೇ ಸುಳಿ, ಅದು ಹೋದರೆ ಗಿಡವೇ ಹೋದಂತೆ. ಬುಡ ಒಡೆದು ಎರಡು ಮಾಡಲೂ ಆಗದು.

ನೇರ ಬಿಸಿಲು ಎಲೆಯನ್ನು ಸುಡುತ್ತದೆ. ಪೂರ್ವದ ಕಿಟಕಿಯ ಸೋಸಿದ ಬೆಳಕು ಒಳ್ಳೆಯದು. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ದ್ರವಗೊಬ್ಬರವನ್ನು ಅರ್ಧ ಸಾಂದ್ರತೆಯಲ್ಲಿ ಕೊಡಿ. ಏಪ್ರಿಲ್‌ನ ಒಣಗಾಳಿಗೆ ಎಲೆತುದಿ ಕಂದಾದರೆ ಕುಂಡವನ್ನು ಒದ್ದೆ ಜಲ್ಲಿಯ ತಟ್ಟೆಯ ಮೇಲಿಡಿ. ಸುರುಳಿ ಬಿಚ್ಚುತ್ತಿರುವ ಎಳೆಯ ಎಲೆಯನ್ನು ಮುಟ್ಟಬೇಡಿ, ಗಾಯದ ಗುರುತು ಕೊನೆಯವರೆಗೂ ಉಳಿಯುತ್ತದೆ.

ಬಲಿತ ಎಲೆಯ ಅಡಿಯಲ್ಲಿ ನಡುನರದಿಂದ ಓರೆಯಾಗಿ ಸಾಲುಗಟ್ಟಿದ ಕಂದು ಗೆರೆಗಳು ಬೀಜಕಗಳ (ಜರಿಗಿಡ ಸಂತಾನ ಬೆಳೆಸುವ ಪುಡಿಯಂಥ ಕಣಗಳ) ಗುಂಪು, ರೋಗವಲ್ಲ. ಅದಕ್ಕೆ ದಯವಿಟ್ಟು ಔಷಧಿ ಹೊಡೆಯಬೇಡಿ. ಎಲೆಯ ರಸ ಹೀರುವ ಸಣ್ಣ ಶಲ್ಕಕೀಟಗಳಾದರೆ ಅಡ್ಡಾದಿಡ್ಡಿಯಾಗಿ ಅಂಟಿರುತ್ತವೆ, ಉಗುರಿನಿಂದ ಕೆರೆದರೆ ಏಳುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.