ಆಶ್ರಯದ ಅರ್ಜಿ ಬರೆಯುವಾಗ ನಾನು ಕೇಳುವ ಪ್ರಶ್ನೆ

ಬೇರೆ ದೇಶದಿಂದ ಓಡಿ ಬಂದವರಿಗೆ ನಿರಾಶ್ರಿತರ ಅರ್ಜಿ ತಯಾರಿಸಿಕೊಡುವುದು ನನ್ನ ಕೆಲಸ. ಬಂದವರು ಮೊದಲು ಹೇಳುವುದು ಏನೇನು ಅನುಭವಿಸಿದೆವು ಅಂತ. ಮಧ್ಯೆ ಬಾಯಿ ಹಾಕದೆ ಕೇಳುತ್ತೇನೆ. ಆಮೇಲೆ ನನ್ನದು ಒಂದೇ ಪ್ರಶ್ನೆ: ನಿಮಗೇ ಯಾಕೆ ಹೀಗೆ ಮಾಡಿದರು?

1951ರ ನಿರಾಶ್ರಿತರ ಒಪ್ಪಂದ ಐದೇ ಕಾರಣ ಹೇಳುತ್ತದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು. ಕಿರುಕುಳ ಇವುಗಳಲ್ಲಿ ಒಂದರ ಕಾರಣಕ್ಕೆ ಆಗಿರಬೇಕು, ಅಥವಾ ಆಗುವ ಭಯ ಇರಬೇಕು. ಬರೀ ಬಡತನ, ಬರಗಾಲ ಸಾಲದು. ನನಗಂತೂ ಇದು ತೀರಾ ಬಿಗಿ ಅನಿಸುತ್ತದೆ. ಆಫ್ರಿಕಾ ದೇಶಗಳ 1969ರ ಒಪ್ಪಂದ ಯುದ್ಧಕ್ಕೆ ಹೆದರಿ ಓಡಿದವರನ್ನೂ ಸೇರಿಸಿಕೊಂಡಿತು.

ಒಬ್ಬರ ಅಂಗಡಿ ಸುಟ್ಟಿದ್ದರು. ಎಷ್ಟು ನಷ್ಟ, ಯಾವ ಸಾಮಾನು ಹೋಯ್ತು, ಎಲ್ಲ ಬರೆದು ತಂದಿದ್ದರು. ಹಾಗೇ ಕೊಟ್ಟರೆ ಅದು ಸುಮ್ನೆ ಒಂದು ಅಪರಾಧದ ಕಥೆ. ‘ಬೆಂಕಿ ಇಡುವಾಗ ಏನು ಕೂಗಿದರು?’ ಅಂತ ಕೇಳಿದೆ. ‘ಇನ್ನೊಂದು ಸಲ ಆ ಪಕ್ಷದ ಬಾವುಟ ಕಟ್ಟು, ನೋಡೋಣ ಅಂದ್ರು. ಅದನ್ನೂ ಬರೀಬೇಕಾ?’ ಅಂದರು. ಬರೀಬೇಕು, ಮೊದಲ ಪುಟದಲ್ಲೇ!

ಕಾರಣ ಸಿಕ್ಕಿದ ಮೇಲೆ ಉಳಿದದ್ದು ಪೊಲೀಸರ ವಿಷಯ. ದೂರು ಕೊಟ್ಟಿರಾ, ಏನಂದರು? ಕೊಡಲಿಲ್ಲ ಅಂದರೆ ಯಾಕೆ? ಕಿರುಕುಳ ಕೊಟ್ಟವರು ಸರ್ಕಾರದವರೇ ಆಗಬೇಕಿಲ್ಲ, ಸರ್ಕಾರ ಕಾಪಾಡಲಿಲ್ಲ ಅಂತ ತೋರಿಸಿದರೂ ನಡೆಯುತ್ತದೆ. ಅದೇ ದೇಶದ ಇನ್ನೊಂದು ಊರಿಗೆ ಹೋಗಿ ಬದುಕಬಹುದಿತ್ತಲ್ವಾ ಅಂತಲೂ ಅಧಿಕಾರಿ ಕೇಳುತ್ತಾರೆ. ಅದಕ್ಕೆ ಉತ್ತರ ಮೊದಲೇ ಬರೆದಿಡುತ್ತೇನೆ. ಯುದ್ಧಾಪರಾಧ ಮಾಡಿದವರಿಗೆ ಈ ಬಾಗಿಲು ಮುಚ್ಚಿದೆ, ಹಾಗಾಗಿ ಸೇನೆಯಲ್ಲೋ ಹೋರಾಟದ ಗುಂಪಿನಲ್ಲೋ ಇದ್ದವರ ಹತ್ತಿರ ಆ ಕಾಲದ್ದನ್ನೂ ಬಿಡಿಸಿ ಕೇಳುತ್ತೇನೆ.

‘ವಾಪಸ್ ಹೋದರೆ ಖಂಡಿತ ಕೊಲ್ತಾರೆ ಅಂತ ಹೇಗೆ ಸಾಬೀತು ಮಾಡಲಿ?’ ಅಂತ ತುಂಬಾ ಜನ ಕುಗ್ಗಿಹೋಗುತ್ತಾರೆ. ಅಷ್ಟು ಬೇಕಿಲ್ಲ. ಹತ್ತರಲ್ಲಿ ಒಂದು ಪಾಲು ಅಪಾಯವಿದ್ದರೂ ಭಯಕ್ಕೆ ಆಧಾರ ಇರಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ.

ಜಾಸ್ತಿ ಅರ್ಜಿ ಎಡವುವುದು ತಾರೀಕಿನಲ್ಲಿ. ನೆನಪಿಲ್ಲದಿದ್ದರೆ ‘ಮಳೆಗಾಲ ಶುರುವಾದ ಮೇಲೆ’ ಅಂತ ಬರೆಯುತ್ತೇನೆ. ಊಹಿಸಿ ಹಾಕಿದ ತಾರೀಕು ಸಂದರ್ಶನದಲ್ಲಿ ಬದಲಾದರೆ, ನಿಜವಾಗಿ ನಡೆದದ್ದನ್ನೂ ನಂಬುವುದಿಲ್ಲ.